ಬಣ್ಣವೂ ಶಸ್ತ್ರವೂ

ನಟನ ಮುಖವು ನಟನದೋ ಪಾತ್ರದ್ದೋ ಎಂಬ ಪ್ರಶ್ನೆಯು ನಾಟ್ಯವಿಚಾರದಲ್ಲಿ ಹೊಸದಲ್ಲ. ಬಣ್ಣ ಹಚ್ಚಿದಾಗ ಪಾತ್ರದ್ದು, ಬಣ್ಣ ತೊಳೆದಾಗ ನಟನದು ಎಂದು ರಂಗಭೂಮಿಯು ಬಹುಕಾಲದ ಹಿಂದೆಯೇ ಅದಕ್ಕೆ ಉತ್ತರವನ್ನು ಕೊಟ್ಟಿತ್ತು. ಆ ಉತ್ತರವು ಈಗ ಸಾಲದಾಗಿದೆ. ಚಲಚ್ಚಿತ್ರ, ಕಿರುತೆರೆಗಳ ಲೋಕದಲ್ಲಿ ಬಣ್ಣವು ಮಾಡುತ್ತಿದ್ದ ಕೆಲಸಕ್ಕೆ ವೈದ್ಯನ ಶಸ್ತ್ರವನ್ನು ಕರೆಯತೊಡಗಿದ್ದಾರೆ. ಬಣ್ಣವನ್ನು ಬೆಳಗಾಗುವುದರೊಳಗೆ ತೊಳೆದುಕೊಳ್ಳಬಹುದು. ಶಸ್ತ್ರವು ಮಾಡಿದ್ದನ್ನು ತೊಳೆಯಲಾಗದು. ಈ ಭೇದವು ಸಹೃದಯರ ವಿಚಾರಕ್ಕೆ ತಕ್ಕ ವಿಷಯವಾಗಿದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ನಾಟಕವು ಜನಜೀವನದ ಒಂದು ಅಂಗವೇ ಆಗಿದೆ. ಹಬ್ಬ ಜಾತ್ರೆಗಳು ಬಂದುವೆಂದರೆ ಊರ ತರುಣರು ಗಂಡುಪಾತ್ರಗಳನ್ನು ತಮ್ಮಲ್ಲಿ ಹಂಚಿಕೊಂಡು, ಹೆಣ್ಣುಪಾತ್ರಗಳಿಗೆ ಮರಿಯಮ್ಮನಹಳ್ಳಿ ಮೊದಲಾದ ಊರುಗಳಿಂದ ವೃತ್ತಿನಟಿಯರನ್ನು ಕರೆಯಿಸುವುದುಂಟು. ಇರುಳೆಲ್ಲ ನಡೆಯುವ ಅಂಥ ಆಟದಲ್ಲಿ ಹಿಂದೆ ಕಂಬಳಿ ಹೊದ್ದು ಕುಳಿತವನಿಗೆ ನಟಿಯ ಕೆನ್ನೆಯ ಸುಕ್ಕು ಕಾಣಿಸದು. ಅವನನ್ನು ಮುಟ್ಟುವುದು ಆಕೆಯ ಕಂಠ, ಆಕೆಯ ನಿಲುವು, ಮಾತಿನ ಓಟ. ಬಳ್ಳಾರಿಯ ಸುಭದ್ರಮ್ಮ ಮನ್ಸೂರ್ (೧೯೩೯–೨೦೨೦) ಅವರು ಕಂದಗಲ್ ಹನುಮಂತರಾಯರ ‘ರಕ್ತರಾತ್ರಿ’ಯ ದ್ರೌಪದಿಯೆಂದು ಈ ನಾಡಿನಲ್ಲಿ ಹೆಸರಾದವರು. ನಟಿಯ ಪ್ರಾಯದಲ್ಲಿ ದ್ರೌಪದಿಯ ಪ್ರಾಯವನ್ನು ಕಳೆದು ಉಳಿದುದನ್ನು ಲೆಕ್ಕ ಹಾಕುತ್ತ ಕುಳಿತವನು ಆ ಪಾತ್ರದ ರಸವನ್ನು ಕಾಣಲಾರನು. ಹೀಗೆಂದ ಮಾತ್ರಕ್ಕೆ ರಂಗಭೂಮಿಯನ್ನು ಸ್ವರ್ಗವೆಂದು ವರ್ಣಿಸಬೇಕಾಗಿಲ್ಲ. ಪ್ರಾಯ ಸರಿದ ನಟಿಗೆ ಕರೆಗಳು ಕಡಿಮೆಯಾಗುವ ದುಃಖವು ಅಲ್ಲಿಯೂ ಉಂಟು. ಆದರೆ ಸಫೇತಾ, ಇಂಗಳೀಕ, ಕಾಡಿಗೆಗಳಿಂದ ಆಗದುದನ್ನು ಮೈ ಕೊಯ್ಯಿಸಿಕೊಂಡು ಮಾಡೆಂದು ಆ ರಂಗವು ಯಾರನ್ನೂ ಕೇಳಲಿಲ್ಲ.

ಕ್ಯಾಮರಾ ಬಂದು ಈ ದೂರವನ್ನು ಅಳಿಸಿಹಾಕಿತು. ನಟಿಯ ಮುಖವು ಒಂದು ಗೋಡೆಯಷ್ಟು ದೊಡ್ಡದಾಗಿ, ಅಥವಾ ಅಂಗೈಯಷ್ಟು ಹತ್ತಿರವಾಗಿ ಪ್ರೇಕ್ಷಕನ ಮುಂದೆ ಬಂದಿತು. ಪಾತ್ರವನ್ನು ನೋಡುತ್ತಿದ್ದ ಕಣ್ಣು ಚರ್ಮವನ್ನು ನೋಡತೊಡಗಿತು. ಈ ನೋಟದ ಬೆಲೆಯೆಷ್ಟೆಂಬುದಕ್ಕೆ ದೂರದ ದೃಷ್ಟಾಂತವು ಬೇಡ. ೨೦೨೨ನೆಯ ಇಸವಿಯ ಮೇ ೧೬ರಂದು, ‘ಗೀತಾ’, ‘ದೊರೆಸಾನಿ’ ಎಂಬ ಕನ್ನಡ ಧಾರಾವಾಹಿಗಳಲ್ಲಿ ಅಭಿನಯಿಸಿದ್ದ ಚೇತನಾ ರಾಜ್ ಎಂಬ ನಟಿಯು ಬೆಂಗಳೂರಿನಲ್ಲಿ ದೇಹದ ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆಗೆ ಒಳಗಾಗಿ, ಉಸಿರಾಟದ ತೊಂದರೆಯುಂಟಾಗಿ, ಅದೇ ದಿನ ತೀರಿಕೊಂಡರು. ಆಗ ಅವರ ಪ್ರಾಯ ೨೧ ವರ್ಷ.

ಅವರ ಮನಸ್ಸಿನಲ್ಲಿ ಏನಿತ್ತೆಂದು ಊಹಿಸುವುದು ಯಾರಿಗೂ ತಕ್ಕುದಲ್ಲ. ಆದರೆ ಆ ವೃತ್ತಿಯು ಹೆಣ್ಣಿನಿಂದ ಏನನ್ನು ಕೇಳುತ್ತದೆಂಬುದು ಎಲ್ಲರಿಗೂ ಕಾಣುವಂತಿದೆ. ೨೧ ವರ್ಷವೆಂದರೆ ಮುಪ್ಪಿನ ನೆರಳೂ ಬೀಳದ ಪ್ರಾಯ. ಆದುದರಿಂದ ಈ ಒತ್ತಾಯಕ್ಕೆ ಮುಪ್ಪಿನ ಭಯವೆಂದು ಹೆಸರಿಟ್ಟರೆ ಸಾಲದು. ಯೌವನವೂ ಸಾಕಷ್ಟು ಯೌವನವಲ್ಲವೆಂದು ತೀರ್ಪು ಕೊಡುವ ಅಳತೆಗೋಲೊಂದು ಇಲ್ಲಿ ಕೆಲಸ ಮಾಡುತ್ತಿದೆ. ಆ ಕೋಲು ಗಂಡಿಗೆ ಬೇರೆ, ಹೆಣ್ಣಿಗೆ ಬೇರೆ. ಅರುವತ್ತರ ನಾಯಕನೆದುರು ಇಪ್ಪತ್ತೈದರ ನಾಯಿಕೆಯನ್ನು ನಿಲ್ಲಿಸಿದರೆ ಪ್ರೇಕ್ಷಕನು ಸೀಟಿ ಹೊಡೆಯುವನು. ಅದನ್ನೇ ತಿರುಗುಮುರುಗಾಗಿಸಿದರೆ ನಗುವನು.

ದೋಷವು ಶಸ್ತ್ರವಿದ್ಯೆಯದಲ್ಲ. ಕೊಯ್ದ ಮೂಗನ್ನು ಕೆನ್ನೆಯ ಚರ್ಮದಿಂದ ಮತ್ತೆ ಕಟ್ಟುವ ಕ್ರಮವನ್ನು ಸುಶ್ರುತಸಂಹಿತೆಯು ಹೇಳಿದೆ. ಮೈಸೂರಿನೊಡನೆ ನಡೆದ ಯುದ್ಧದಲ್ಲಿ ಸೆರೆಸಿಕ್ಕು ಮೂಗನ್ನು ಕಳೆದುಕೊಂಡ ಕಾವಸಜಿ ಎಂಬ ಬಂಡಿಯಾಳಿಗೆ ಪುಣೆಯಲ್ಲಿ ಹಣೆಯ ಚರ್ಮದಿಂದ ಹೊಸ ಮೂಗನ್ನು ಮಾಡಿದ ಸಂಗತಿಯು ೧೭೯೪ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಪ್ರಕಟವಾಗಿ, ಯೂರೋಪಿನ ವೈದ್ಯರಿಗೆ ಪಾಠವಾಯಿತು. ಆ ವಿದ್ಯೆಯು ಮನುಷ್ಯನಿಗೆ ಕಳೆದುಹೋದ ಮುಖವನ್ನು ಹಿಂದಕ್ಕೆ ಕೊಟ್ಟಿತು. ಇದ್ದ ಮುಖವನ್ನು ಸಾಲದೆಂದು ತಿರಸ್ಕರಿಸುವುದು ಬೇರೆಯೇ ಮಾತು.

ಇನ್ನೊಂದು ಆಕ್ಷೇಪವುಂಟು: ತನ್ನ ದೇಹವನ್ನು ತಾನು ತಿದ್ದಿಸಿಕೊಂಡರೆ ಅನ್ಯರಿಗೇನು? ಇದಕ್ಕೆ ಕನ್ನಡ ಸಾಹಿತ್ಯದಲ್ಲಿಯೇ ಉತ್ತರವಿದೆ. ೧೯೬೧ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯು ಪ್ರಕಟಿಸಿದ ಗಿರೀಶ ಕಾರ್ನಾಡರ ‘ಯಯಾತಿ’ಯಲ್ಲಿ ಪುರುವು ತಂದೆಯ ಮುಪ್ಪನ್ನು ಬಲಾತ್ಕಾರಕ್ಕೆ ಒಳಗಾಗಿ ಹೊರುವುದಿಲ್ಲ, ಒಪ್ಪಿಯೇ ಹೊರುತ್ತಾನೆ. ಮಹಾಭಾರತದ ಕಥೆಯು ಆ ಒಪ್ಪಿಗೆಯನ್ನು ತ್ಯಾಗವೆಂದು ಹೊಗಳಿತು. ಕಾರ್ನಾಡರು ಮೂಲದಲ್ಲಿಲ್ಲದ ಚಿತ್ರಲೇಖೆಯನ್ನು, ಪುರುವಿನ ನವವಧುವನ್ನು, ತಂದು ನಿಲ್ಲಿಸಿ, ಆ ತ್ಯಾಗದ ಬೆಲೆಯನ್ನು ಯಾರು ತೆರುವರೆಂದು ಕೇಳಿದರು. ಆಕೆ ವಿಷವನ್ನು ಕುಡಿದು ಸಾಯುತ್ತಾಳೆ. ಅನಂತರವೇ ಯಯಾತಿಗೆ ತನ್ನ ಮುಪ್ಪನ್ನು ಹಿಂದಕ್ಕೆ ಪಡೆಯುವ ಬುದ್ಧಿ ಬರುತ್ತದೆ. ಕೊಡುವವನು ಒಪ್ಪಿದನೆಂದ ಮಾತ್ರಕ್ಕೆ ಬೇಡಿದವನು ನಿರ್ದೋಷಿಯಾಗುವುದಿಲ್ಲ ಎಂಬುದೇ ಆ ನಾಟಕದ ತಿರುಳು.

ಇದೇ ವಿಷಯವನ್ನು ಕುರಿತು ೨೦೨೪ರಲ್ಲಿ ಬಂದ ‘ದಿ ಸಬ್‌ಸ್ಟೆನ್ಸ್’ ಎಂಬ ಚಿತ್ರವನ್ನು ಇದಕ್ಕೆ ಹೋಲಿಸಿ ನೋಡಬಹುದು. ಅದರಲ್ಲಿ ಡೆಮಿ ಮೂರ್ ಅಭಿನಯಿಸಿದ ನಟಿಯು ೫೦ ವರ್ಷ ತುಂಬಿದ್ದಕ್ಕಾಗಿ ಕಿರುತೆರೆಯ ಕೆಲಸವನ್ನು ಕಳೆದುಕೊಂಡು, ಔಷಧವೊಂದರ ಬಲದಿಂದ ತನ್ನ ದೇಹದೊಳಗಿನಿಂದಲೇ ತರುಣಿಯೊಬ್ಬಳನ್ನು ಹೊರತರುತ್ತಾಳೆ. ಕೊನೆಗೆ ಇಬ್ಬರೂ ನಾಶವಾಗುತ್ತಾರೆ. ಚಿತ್ರವು ಭಯಂಕರವಾಗಿಯೂ ಪ್ರಬಲವಾಗಿಯೂ ಇದೆ. ಆದರೆ ಅಲ್ಲಿ ಬೇಡುವವಳೂ ಕೊಡುವವಳೂ ಒಬ್ಬಳೇ ಆದುದರಿಂದ, ಆಕೆಯನ್ನು ಕೆಲಸದಿಂದ ತೆಗೆದವರು ಕಥೆಯ ಅಂಚಿಗೆ ಸರಿದು, ಪಾಪವೆಲ್ಲ ಹೆಣ್ಣಿನ ಆಶೆಯದೆಂಬ ಭ್ರಮೆಗೆ ಎಡೆಯಾಗುತ್ತದೆ. ಕಾರ್ನಾಡರ ನಾಟಕವು ಬೇಡಿದವನನ್ನೇ ರಂಗದ ನಡುವೆ ನಿಲ್ಲಿಸಿತು. ವಿಚಾರದಲ್ಲಿ ಅದೇ ಹೆಚ್ಚು ನೇರವಾದುದು.

ಹಾಗಾದರೆ ಇಂದಿನ ಯಯಾತಿ ಯಾರು? ನಿರ್ಮಾಪಕನೊಬ್ಬನನ್ನೇ ತೋರಿಸಿದರೆ ಸುಲಭವಾಯಿತು. ಆದರೆ ಅವನು ಮಾರುವುದು ಕೊಳ್ಳುವವರಿಗೆ. ಪರದೆಯ ಮೇಲೆ ಎಂದಿಗೂ ಮಾಸದ ಯೌವನವನ್ನು ಬೇಡುವ ಪ್ರೇಕ್ಷಕನು ತನ್ನ ಮುಪ್ಪನ್ನು ಅಷ್ಟು ಹೊತ್ತು ಮರೆಯುತ್ತಾನೆ. ಆ ಮರವೆಯ ಭಾರವನ್ನು ಬೇರೊಬ್ಬರ ಎಳೆಯ ದೇಹವು ಹೊರುತ್ತದೆ.

ಇದಕ್ಕೆ ಕಾನೂನಿನಿಂದ ಆಗುವ ಪರಿಹಾರವು ಸ್ವಲ್ಪ. ಬರೆಯುವವರಿಂದ ಆಗಬೇಕಾದುದು ಬಹಳ. ಕನ್ನಡದ ನಾಟಕ, ಚಿತ್ರ, ಧಾರಾವಾಹಿಗಳಲ್ಲಿ ನಲವತ್ತು ದಾಟಿದ ಹೆಣ್ಣಿಗೆ ತಾಯಿ, ಅತ್ತೆ ಎಂಬ ಪಾತ್ರಗಳಲ್ಲದೆ ಬೇರೆ ಸ್ಥಾನವು ವಿರಳ. ಆ ಪ್ರಾಯದ ಹೆಣ್ಣು ಹೊಲವನ್ನು ಆಳುತ್ತಾಳೆ, ಅಂಗಡಿಯನ್ನು ನಡೆಸುತ್ತಾಳೆ, ನ್ಯಾಯಾಲಯದ ಮೆಟ್ಟಿಲನ್ನು ಹತ್ತುತ್ತಾಳೆ, ಪ್ರೀತಿಸುತ್ತಾಳೆ, ದ್ವೇಷಿಸುತ್ತಾಳೆ. ಇವೆಲ್ಲ ನಾಟಕಕ್ಕೆ ವಸ್ತುವಾಗಲಾರವೆಂದು ಹೇಳಿದವರಾರು? ಸುಕ್ಕುಗಳಿರುವ ಮುಖವೇ ಬೇಕೆನ್ನುವ ಪಾತ್ರಗಳು ಹುಟ್ಟಿದರೆ, ಆ ಮುಖವನ್ನು ಕಾಪಾಡಿಕೊಳ್ಳಲು ನಟಿಗೆ ಕಾರಣವು ದೊರೆಯುವುದು. ವಿಮರ್ಶಕರೂ ನಟಿಯ ಪ್ರಾಯವನ್ನು ಬಿಟ್ಟು ಆಕೆಯ ಅಭಿನಯವನ್ನು ಅಳೆಯುವುದನ್ನು ಮೊದಲು ಮಾಡಲಿ.