ನಾಲಿಗೆಯ ಬಲಿ, ನಾಲಿಗೆಯ ಶುದ್ಧಿ: ‘ಹಂಸಗೀತೆ’ ಚಿತ್ರದ ದೇವಶಾಸ್ತ್ರೀಯ ವಿಮರ್ಶೆ

ಸಂಗೀತಗಾರರನ್ನು ಕುರಿತ ಚಲನಚಿತ್ರಗಳು ಸಾಮಾನ್ಯವಾಗಿ ಕಷ್ಟದಿಂದ ಕೀರ್ತಿಗೇರುವ ಕಥೆಯನ್ನು ಹೇಳುತ್ತವೆ. ಜಿ. ವಿ. ಅಯ್ಯರ್ ಅವರು 1975ರಲ್ಲಿ ನಿರ್ದೇಶಿಸಿದ ‘ಹಂಸಗೀತೆ’ಯ ನಡೆಯು ಇದಕ್ಕೆ ವಿರುದ್ಧವಾದುದು. ತ. ರಾ. ಸುಬ್ಬರಾಯರ ಕಾದಂಬರಿಯನ್ನಾಧರಿಸಿದ ಈ ಚಿತ್ರವು ಹದಿನೆಂಟನೆಯ ಶತಮಾನದ ಚಿತ್ರದುರ್ಗದ ಗಾಯಕ ಭೈರವಿ ವೆಂಕಟಸುಬ್ಬಯ್ಯನನ್ನು ಕೀರ್ತಿಯಿಂದ ಮೌನದೆಡೆಗೆ ಕರೆದೊಯ್ಯುತ್ತದೆ. ಇದೇ ಕಾದಂಬರಿಯಿಂದ 1956ರಲ್ಲಿ ಹಿಂದಿಯ ‘ಬಸಂತ್ ಬಹಾರ್’ ರೂಪುಗೊಂಡಿತ್ತು. ಭೀಮಸೇನ ಜೋಶಿ ಹಾಗೂ ಮನ್ನಾ ಡೇ ಅವರು ಹಾಡಿದ ಅದರ ಸ್ಪರ್ಧಾಗೀತೆಯಲ್ಲಿ ರಾಗವು ಗೆಲುವಿನ ಸಾಧನವಾಗಿದೆ. ಅಯ್ಯರರ ಚಿತ್ರದಲ್ಲಾದರೋ ಗೆಲ್ಲುವ ಬಯಕೆಯೇ ಗಾಯಕನ ರೋಗ.

ಅನಂತನಾಗ್ ಅವರು ಯುವಗಾಯಕನ ಗರ್ವವನ್ನು ಮರೆಮಾಚದೆ ಅಭಿನಯಿಸಿದ್ದಾರೆ. ರಾಷ್ಟ್ರಪ್ರಶಸ್ತಿ ಪಡೆದ ಎಂ. ಬಾಲಮುರಳಿಕೃಷ್ಣರ ಗಾಯನವು ಇಲ್ಲಿ ಕಥೆಯ ನಡುವಿನ ಅಲಂಕಾರವಲ್ಲ, ಕಥೆಯೇ ಆಗಿದೆ. ತನ್ನ ವಿದ್ಯೆ ದೇವರಿಗೆ ಮೀಸಲೆಂದು ಅರಿತವನಿಗೆ ಟಿಪ್ಪು ಸುಲ್ತಾನನ ಮುಂದೆ ಹಾಡಬೇಕೆಂಬ ಆಜ್ಞೆ ಬಂದಾಗ, ಅವನು ತನ್ನ ನಾಲಿಗೆಯನ್ನೇ ಕತ್ತರಿಸಿಕೊಳ್ಳುತ್ತಾನೆ.

ಸತ್ಯವೇದದ ಓದುಗನಿಗೆ ಇಲ್ಲಿ 137ನೆಯ ಕೀರ್ತನೆ ನೆನಪಾಗದಿರದು. ಸೆರೆಹಿಡಿದವರ ವಿನೋದಕ್ಕಾಗಿ ಹಾಡಲು ಒಪ್ಪದ ಇಸ್ರಾಯೇಲ್ಯರು ಬಾಬೆಲಿನ ನದಿತೀರದಲ್ಲಿ ಕಿನ್ನರಿಗಳನ್ನು ತೂಗುಹಾಕಿದರು. ಆದರೆ ಅವನ್ನು ಮುರಿಯಲಿಲ್ಲ. ಹೆರೋದನು ಅದ್ಭುತವನ್ನು ನೋಡಲು ಬಯಸಿದಾಗ ಕ್ರಿಸ್ತನು ಮೌನವಾಗಿದ್ದನು. ಆದರೆ ಅದೇ ಬಾಯಿ ಶಿಲುಬೆಯ ಮೇಲೆ ಕ್ಷಮೆಯನ್ನು ನುಡಿಯಿತು. ಯೆಶಾಯನ ಅಶುದ್ಧ ತುಟಿಗಳಿಗೆ ಕೆಂಡವನ್ನು ಮುಟ್ಟಿಸಿದ್ದು ಅವನನ್ನು ಮೂಕನನ್ನಾಗಿಸಲಿಕ್ಕಲ್ಲ, ಕಳುಹಿಸಲಿಕ್ಕೆ.

ಹೀಗಿರಲಾಗಿ ಗಾಯಕನ ನಿರಾಕರಣೆಯನ್ನು ನಾವು ಗೌರವಿಸಬೇಕು, ಅವನ ಬಲಿಯನ್ನು ಮಾತ್ರ ಪ್ರಶ್ನಿಸಬೇಕು. ಕೊಟ್ಟವನು ದೇವರಾದರೆ ಕೊರಳು ಗಾಯಕನ ಸ್ವತ್ತಲ್ಲ. ಅದನ್ನು ನಾಶಮಾಡುವ ಹಕ್ಕು ಸುಲ್ತಾನನಿಗಿಲ್ಲದಂತೆ ಅವನಿಗೂ ಇಲ್ಲ. ಗರ್ವವನ್ನು ತೊರೆದವನ ಕಟ್ಟಕಡೆಯ ಕೃತ್ಯದಲ್ಲಿ, ‘ನನ್ನ ವಿದ್ಯೆ, ನನ್ನ ತೀರ್ಮಾನ’ ಎಂಬ ಹಳೆಯ ಗರ್ವದ ಎಳೆಯೊಂದು ಉಳಿದಿರಬಹುದೇ? ಚಿತ್ರವು ಈ ಪ್ರಶ್ನೆಯನ್ನು ಎದುರಿಸದೆ ಬಲಿಯ ಘನತೆಯಲ್ಲಿಯೇ ತೃಪ್ತಿಗೊಳ್ಳುತ್ತದೆ. ಅದರ ಮಿತಿ ಇಷ್ಟೇ.

ಪೌಲನು ರೋಮಾಪುರದವರಿಂದ ಬೇಡಿದ್ದು ಸಜೀವ ಯಜ್ಞವನ್ನು. ಅಂಥ ಯಜ್ಞದ ಚಹರೆಯನ್ನು ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಕಾಣಬಹುದು. 1989ರಲ್ಲಿ ಅಲ್ಲಿನ ಕೃಷ್ಣಾತೀರದ ರೈತರು ಸ್ವಂತ ಹಣ ಮತ್ತು ಮೈದುಡಿಮೆಯಿಂದ ಬ್ಯಾರೇಜನ್ನು ಕಟ್ಟಿದರು. ಅದಕ್ಕೆ ‘ಶ್ರಮಬಿಂದು ಸಾಗರ’ ಎಂದು ಹೆಸರಾಯಿತು. ಅಲ್ಲಿ ಅರ್ಪಿತವಾದುದು ನಾಶವಾಗಲಿಲ್ಲ, ನೀರಾಗಿ ಹೊಲಗಳಿಗೆ ಹರಿಯಿತು. ಗಾಯಕನ ಅರ್ಪಣೆಯಿಂದ ಉಳಿದದ್ದು ಮೌನ ಮಾತ್ರ.

ಆದರೂ ನಮ್ಮ ಸಭೆಗಳು ಈ ಚಿತ್ರವನ್ನು ನೋಡಬೇಕು. ಬೋಧಕನ ನಾಲಿಗೆಯೂ ಗಾಯನವೃಂದದ ಕೊರಳೂ ಯಾರ ಮೆಚ್ಚುಗೆಗಾಗಿ ದುಡಿಯುತ್ತಿವೆ ಎಂದು ಅದು ಕೇಳುತ್ತದೆ. ಆ ಪ್ರಶ್ನೆಗೆ ಉತ್ತರ ಕತ್ತಿಯಲ್ಲಿಲ್ಲ, ಕೆಂಡದಲ್ಲಿದೆ.