ಎರಡು ಬಿಂಬ ಒಂದಾಗುವ ಕ್ಯಾಮೆರಾ

ಶಿರಾ ಸೀಮೆಯ ಪಟ್ಟನಾಯಕನಹಳ್ಳಿ ಕಡೆಗೆ ಕ್ಯಾಮೆರಾ ಹೊತ್ತು ಬರುವವರ ಕಣ್ಣೆಲ್ಲ ಕಗ್ಗಲಡುವಿನ ಹುಣಸೆಮರಗಳ ಮೇಲೆ. ಬಣ್ಣದ ಕೊಕ್ಕರೆಯ ಗೂಡಿಗೆ ಉದ್ದ ಲೆನ್ಸೇ ಬೇಕು, ಸರಿ. ಆದರೆ ಅದೇ ಮರದ ಕೆಳಗೆ ಕೂತು ಹರಟುವ ಹಿರಿಯರ ಚಿತ್ರಕ್ಕೆ, ಎರಡು ಬಿಂಬಗಳನ್ನು ಒಂದಾಗಿಸಿ ಫೋಕಸ್ ಮಾಡುವ ರೇಂಜ್‌ಫೈಂಡರ್‌ಗಿಂತ ಒಳ್ಳೆಯ ಕ್ಯಾಮೆರಾ ನನಗೆ ಗೊತ್ತಿಲ್ಲ. ಚಿಕ್ಕದು, ಸದ್ದು ಕಡಿಮೆ, ಎದುರಿಗಿದ್ದವರು ಬೆದರುವುದಿಲ್ಲ. ಛಾಯಾಗ್ರಾಹಕ ಟಿ. ಎಸ್. ಸತ್ಯನ್ ತೆಗೆದ ಜನಸಾಮಾನ್ಯರ ಮುಖಗಳನ್ನು ನೋಡಿದವರಿಗೆ ಹತ್ತಿರ ಹೋಗುವುದರ ಬೆಲೆ ತಿಳಿದಿರುತ್ತದೆ.

ಹೊಸ ಲೈಕಾ ರೇಂಜ್‌ಫೈಂಡರ್ ಕೊಳ್ಳುವ ದುಡ್ಡಿಗೆ ನಮ್ಮಲ್ಲಿ ಟ್ರ್ಯಾಕ್ಟರ್ ಬರುತ್ತದೆ. ಹಾಗಾಗಿ ಸೆಕೆಂಡ್ ಹ್ಯಾಂಡೇ ದಾರಿ.

ನನ್ನ ಮೊದಲ ಆಯ್ಕೆ 2004ರ ಎಪ್ಸನ್ ಆರ್-ಡಿ1. ಡಿಜಿಟಲ್ ರೇಂಜ್‌ಫೈಂಡರ್‌ಗಳಲ್ಲಿ ಮೊಟ್ಟಮೊದಲನೆಯದು. ಕೊಸಿನಾ ಕಂಪನಿಯ ಜತೆಗೂಡಿ ಮಾಡಿದ್ದು. ಪಿಕ್ಸೆಲ್ 61 ಲಕ್ಷ ಮಾತ್ರ. ಫಿಲ್ಮ್ ಇಲ್ಲದಿದ್ದರೂ ಪ್ರತಿ ಚಿತ್ರಕ್ಕೂ ಲಿವರ್ ಎಳೆದೇ ಷಟರ್ ಸಜ್ಜು ಮಾಡಬೇಕು. ಬ್ಯಾಟರಿ ಎಷ್ಟಿದೆ, ಇನ್ನೆಷ್ಟು ಚಿತ್ರ ಉಳಿದಿವೆ ಎಂಬುದನ್ನು ನೆತ್ತಿಯ ಮೇಲಿನ ಮುಳ್ಳುಗಳು ತೋರಿಸುತ್ತವೆ. ವ್ಯೂಫೈಂಡರ್‌ನಲ್ಲಿ ಲೋಕ ಇದ್ದಷ್ಟೇ ಗಾತ್ರದಲ್ಲಿ ಕಾಣುವುದರಿಂದ ಎರಡೂ ಕಣ್ಣು ತೆರೆದಿಟ್ಟು ನೋಡಬಹುದು. ಈ ಸುಖ ಲೈಕಾದಲ್ಲೂ ಇಲ್ಲ.

ಕೊಳ್ಳುವ ಮುಂಚೆ ಫೋಕಸ್ ಅನಂತಕ್ಕೆ ತಿರುಗಿಸಿ ದೂರದ್ದೊಂದನ್ನು ನೋಡಿ. ಮಧುಗಿರಿ ಪೇಟೆಯವರಿಗೆ ಬೆಟ್ಟದ ಮೇಲಿನ ಕೋಟೆ ಗೋಡೆಯೇ ಇದೆ. ಅಲ್ಲಿ ಎರಡು ಬಿಂಬಗಳು ಒಂದರ ಮೇಲೊಂದು ಕೂರಬೇಕು. ಅಕ್ಕಪಕ್ಕ ಸರಿದಿದ್ದರೆ ಫೋಕಸ್ ತಪ್ಪುತ್ತದೆ, ಮೇಲೆಕೆಳಗಾಗಿದ್ದರೆ ಕಣ್ಣಿಗೆ ಆಯಾಸ. ಎಪ್ಸನ್‌ನ ಮೊದಲ ಮಾದರಿ 2 ಜಿಬಿಗಿಂತ ದೊಡ್ಡ ಕಾರ್ಡು ಒಪ್ಪುವುದಿಲ್ಲ, ಅಂಥದ್ದೊಂದನ್ನು ಜತೆಗೇ ಕೇಳಿ ಪಡೆಯಿರಿ.

2006ರ ಲೈಕಾ ಎಂ8 ಶಿರಾ ಸೀಮೆಯ ಬಿಸಿಲಿಗೆ ಹೇಳಿಮಾಡಿಸಿದ್ದು. ಷಟರ್ ಸೆಕೆಂಡಿನ 8000ದಲ್ಲಿ ಒಂದು ಭಾಗಕ್ಕೆ ಓಡುತ್ತದೆ. ಎಪ್ಸನ್‌ನದು 2000ಕ್ಕೇ ನಿಲ್ಲುವುದರಿಂದ ನಡುಮಧ್ಯಾಹ್ನ ಲೆನ್ಸಿನ ಕಿಂಡಿಯನ್ನು ಕಿರಿದು ಮಾಡದೆ ವಿಧಿಯಿಲ್ಲ. ಆದರೆ ಎಂ8ರ ಸೆನ್ಸರ್ ಅತಿಗೆಂಪು ಕಿರಣವನ್ನು ಸಾಕಷ್ಟು ತಡೆಯದು; ಕಪ್ಪು ಪಾಲಿಯೆಸ್ಟರ್ ಬಟ್ಟೆ ನೇರಳೆಯಾಗಿ ಬರುತ್ತದೆ. ಲೆನ್ಸಿನ ಮುಂದೆ ಐಆರ್ ಕಟ್ ಫಿಲ್ಟರ್ ಹಾಕಬೇಕು. ಕಪ್ಪು-ಬಿಳುಪಿನಲ್ಲೇ ತೆಗೆಯುವವರಿಗೆ ಆ ಚಿಂತೆಯೂ ಇಲ್ಲ.

2009ರ ಎಂ9 ವಿಷಯದಲ್ಲಿ ಮಾತ್ರ ಅವಸರ ಬೇಡ. ಸೆನ್ಸರ್ ಮೇಲಿನ ಗಾಜು ಕಾಲಕ್ರಮೇಣ ಸವೆದು ಕಲೆಗಟ್ಟುವುದು ಅದರ ಹೆಸರಾಂತ ರೋಗ. ಎಫ್16ರಲ್ಲಿ ಬರಿ ಆಕಾಶ ತೆಗೆದು, ದೊಡ್ಡದು ಮಾಡಿ ನೋಡಿ. ಸುತ್ತ ಬಳೆಯಿರುವ ಕಲೆ ಕಂಡರೆ, ಬೆಲೆ ಎಷ್ಟೇ ಇಳಿಸಿದರೂ ಕೊಳ್ಳಬೇಡಿ. ಸೆನ್ಸರ್ ಬದಲಾಗಿದೆ ಎಂದರೆ ಮಾರುವವರು ಬಿಲ್ ತೋರಿಸಲಿ.

ಲೆನ್ಸಿಗಾಗಿ ದುಡ್ಡು ಎತ್ತಿಟ್ಟಿರಿ. ಎಪ್ಸನ್‌ಗೆ 28 ಮಿ.ಮೀ. ಸಾಕು. ಅದರ ಚಿಕ್ಕ ಸೆನ್ಸರ್‌ನಲ್ಲಿ ಅದು ಸುಮಾರು 43 ಮಿ.ಮೀ. ನೋಟ ಕೊಡುತ್ತದೆ, ಜಗಲಿ ಮೇಲೆ ಕೂತ ಇಬ್ಬರು ಹಾಯಾಗಿ ಹಿಡಿಸುತ್ತಾರೆ.