ಅಶ್ವಥ್ ಗಂಟಲಿನ ಬಗ್ಗೆ ಒಂದು ತಕರಾರು

ಸಿ. ಅಶ್ವಥ್ ನಮ್ಮ ಕಡೆಯವರೇ. ತಿಪಟೂರಿನಿಂದ ನುಗ್ಗೇಹಳ್ಳಿ ದಾರಿ ಹಿಡಿದರೆ ತೆಂಗಿನ ಸಾಲು ಮುಗಿಯೋದಕ್ಕೆ ಮುಂಚೇನೇ ಚನ್ನರಾಯಪಟ್ಟಣ ಸಿಗುತ್ತದೆ. 1939ರ ಡಿಸೆಂಬರ್ 29ರಂದು ಅವರು ಹುಟ್ಟಿದ್ದು ಅಲ್ಲಿ. ತೀರಿಕೊಂಡಿದ್ದು ಬೆಂಗಳೂರಲ್ಲಿ, 2009ರ ಅದೇ ಡಿಸೆಂಬರ್ 29ರಂದು, ಸರಿಯಾಗಿ ಎಪ್ಪತ್ತು ತುಂಬಿದ ದಿನ. ಆಮೇಲೆ ಅವರಿಗೆ ಬರೀ ಹೊಗಳಿಕೆಯ ಹಾರಗಳೇ ಬಿದ್ದವು. ಹಾರ ಜಾಸ್ತಿಯಾದರೆ ಕುತ್ತಿಗೆ ಕಾಣೋದಿಲ್ಲ. ನಮಗೆ ಬೇಕಿರೋದು ಆ ಕುತ್ತಿಗೆಯೊಳಗಿನ ಗಂಟಲು.

ಕನ್ನಡ ಕವಿತೆಯನ್ನು ವೇದಿಕೆ ಮೇಲೆ ಹಾಡೋದಕ್ಕೆ ಕಾಳಿಂಗರಾಯರು ದಾರಿ ಹಾಕಿದರು, ಮೈಸೂರು ಅನಂತಸ್ವಾಮಿ ಅದನ್ನು ಮನೆಮನೆಗೆ ಒಯ್ದರು. ಅವರ ಬೆನ್ನ ಹಿಂದೆ ಬಂದ ಬಹಳ ಜನಕ್ಕೆ ಭಾವಗೀತೆ ಅಂದರೆ ಇಸ್ತ್ರಿ ಕೆಡದ ಹಾಗೆ ಹಾಡೋದು ಅಂತಾಯಿತು. ಐ.ಟಿ.ಐ. ಕಾರ್ಖಾನೆಯಲ್ಲಿ ನೌಕರಿ ಮಾಡುತ್ತ ನಾಟಕಗಳಿಗೆ ಸಂಗೀತ ಕೂಡಿಸುತ್ತಿದ್ದ ಅಶ್ವಥ್ ಆ ಇಸ್ತ್ರಿಯನ್ನು ಮುದುಡಿ ಬಿಸಾಕಿದರು. ಕೊನೇ ಸಾಲಲ್ಲಿ ಕೂತವನಿಗೂ ಮಾತು ಮುಟ್ಟಬೇಕು ಅನ್ನೋ ರಂಗಭೂಮಿಯ ಹಟ ಅವರದು. ಮೇಲಿನ ಸ್ವರಕ್ಕೆ ಹೋದಾಗ ದನಿ ಒಡೆದರೂ ಅವರು ಹೆದರಲಿಲ್ಲ. ಒಡೆಯಲಿ ಅಂತಲೇ ಹಾಡಿದರು. ನಮ್ಮ ಕಡೆ ಅಟ್ಟದಿಂದ ಇಳಿಸಿದ ಕಾಯನ್ನು ಕಿವಿ ಹತ್ರ ಹಿಡಿದು ಅಲ್ಲಾಡಿಸುತ್ತಾರೆ. ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ಒಳಗೆ ಲೊಟ ಲೊಟ ಅನ್ನುತ್ತೆ. ಅಶ್ವಥ್ ಕವಿತೆಯನ್ನು ಹಾಗೆ ಅಲ್ಲಾಡಿಸಿ ನೋಡುತ್ತಿದ್ದರು.

ಅವರ ಸಿನಿಮಾ ಕೆಲಸದ ಶುರುವಿಗೇ ಸಿಕ್ಕಿದ್ದು ಕಾಡುಕುರುಬರ ಕಥೆ: ಮಾಸ್ತಿಯವರ ನಾಟಕದಿಂದ ಬಂದ 'ಕಾಕನಕೋಟೆ' (1977). ಹಾಡಿನಲ್ಲಿ ಕಾಡಿನ ಲಯ ಇತ್ತು, ಕಾಡಿನವರು ಇರಲಿಲ್ಲ. ಈ ಪ್ರಶ್ನೆ ಅವರನ್ನು ಕೊನೇತನಕ ಬಿಡಲಿಲ್ಲ ಅನ್ನೋದೇ ನಮ್ಮ ವಾದ.

ಶಿಶುನಾಳ ಶರೀಫರ (1819-1889) ಪದಗಳನ್ನೇ ತಗೊಳ್ಳಿ. ನೂರು ವರ್ಷ ಅವನ್ನು ಉಳಿಸಿದವರು ಯಾರು? ಯಾವ ಅಕಾಡೆಮಿಯೂ ಅಲ್ಲ. ಹಗಲು ಹೊಲದಲ್ಲಿ ಬಗ್ಗಿ ರಾತ್ರಿ ಏಕತಾರಿ, ದಮ್ಮಡಿ ಹಿಡಿದು ಕೂತ ಬಡ ಭಜನೆಯವರು. ಅಲ್ಲಿ ಕೇಳುಗ ಅಂತ ಬೇರೆ ಇರೋದಿಲ್ಲ, ಕೂತವರೆಲ್ಲ ಹಾಡುಗಾರರೇ. ಅಶ್ವಥ್ ಆ ಪದಗಳಿಗೆ ವಾದ್ಯವೃಂದ ಕಟ್ಟಿ ಕ್ಯಾಸೆಟ್ಟಿಗೆ ತಂದರು; ನಾಗಾಭರಣರ 'ಸಂತ ಶಿಶುನಾಳ ಶರೀಫ' (1990) ಸಿನಿಮಾ ಆದಮೇಲೆ ಶರೀಫ ಅಂದರೆ ಅಶ್ವಥ್ ದನಿ ಅನ್ನೋ ಹಾಗಾಯಿತು. ಲಾಭ ದೊಡ್ಡದು, ಒಪ್ಪೋಣ. ಮುಸಲ್ಮಾನ ಶಿಷ್ಯ, ಬ್ರಾಹ್ಮಣ ಗುರು ಜಾತಿಯ ಗೋಡೆ ಹಾರಿದ ಕಥೆ ಅಡುಗೆಮನೆಯ ರೇಡಿಯೋಗೂ ಬಂತು. ಆದರೆ ಕೂತು ಮೆಲುಕು ಹಾಕಬೇಕಾದ ಒಗಟು ಓಡುವ ತಾಳಕ್ಕೆ ಸಿಕ್ಕು ಮೋಜಾಯಿತು. ಜಾತಿಯ ಸೊಕ್ಕಿಗೆ ಬಿದ್ದ ಏಟಿಗೆ ಜನ ಚಪ್ಪಾಳೆ ತಟ್ಟಿ ಎದ್ದುಹೋದರು.

ಜರ್ಮನಿಯ ಮಾನ್‌ಹೈಮ್ ಊರಿನ ಜಾಯ್ ಫ್ಲೆಮಿಂಗ್ (1944-2017) ಎಂಬ ಗಾಯಕಿ ನೆನಪಾಗುತ್ತಾಳೆ. 1975ರ ಯೂರೋವಿಷನ್ ಸ್ಪರ್ಧೆಯಲ್ಲಿ ಹತ್ತೊಂಬತ್ತು ದೇಶಗಳಲ್ಲಿ ಹದಿನೇಳನೆಯವಳಾದಳು. ಅವಳನ್ನು ಅವಳ ಊರಿನವರು ತಲೆ ಮೇಲೆ ಹೊತ್ತುಕೊಂಡಿದ್ದು ಬೇರೆ ಕಾರಣಕ್ಕೆ: ಅಮೆರಿಕದ ಕರಿಯರ ಬ್ಲೂಸನ್ನು ಅವಳು ತನ್ನ ಊರಿನ ಒರಟು ಆಡುಮಾತಿನಲ್ಲಿ, ಊರ ಹೊಳೆಯ ಸೇತುವೆ ಮೇಲೆ ಕಟ್ಟಿ ಹಾಡಿದಳು. ಬಿಳಿಯ ಹೆಂಗಸು ಕರಿಯರ ಹಾಡು ಹಾಡಬಾರದು ಅಂತ ನಾವು ಹೇಳೋದಿಲ್ಲ. ಗಂಟಲಿಗೆ ಪಹಣಿ ಇಲ್ಲ. ಆದರೆ ಬ್ಲೂಸ್ ಅನ್ನೋ ಹೆಸರು ತಾನು ಯಾರ ನೋವಿನಿಂದ ಬಂದೆ ಅಂತ ಹೇಳಿಕೊಂಡೇ ತಿರುಗುತ್ತೆ. 'ಸುಗಮ ಸಂಗೀತ' ಅನ್ನೋ ಹೆಸರು ಯಾವ ಸಾಲವನ್ನೂ ಹೇಳೋದಿಲ್ಲ. ಸುಗಮ ಯಾರಿಗೆ ಸ್ವಾಮಿ?

ಸೋಮನ ಕುಣಿತದ ಮುಂದೆ ತಮಟೆ ಬಡಿಯುವವನು, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಗಣೆ ಊದಿ ಜುಂಜಪ್ಪನ ಕಥೆ ಹೇಳುವ ಕಾಡುಗೊಲ್ಲ, ಕೊಬ್ಬರಿ ಚಿಪ್ಪು ಬಿಡಿಸುತ್ತ ಪದ ಎತ್ತುವ ಹೆಂಗಸರು, ಇವರದೂ ತೆರೆದ ಗಂಟಲೇ. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಆ ಹಾಡುಗಳು ವಾದ್ಯವೃಂದಕ್ಕೆ ಕಾಯಲಿಲ್ಲ, ತಮಟೆ ಹಿಡಿದು ಬೀದಿಗೆ ನಡೆದವು. ಅಶ್ವಥ್ ಕಛೇರಿಯ ಬೆನ್ನೆಲುಬಾದವರು ಬೇಂದ್ರೆ, ಕುವೆಂಪು, ನರಸಿಂಹಸ್ವಾಮಿ, ಶಿವರುದ್ರಪ್ಪ. 'ಮೈಸೂರ ಮಲ್ಲಿಗೆ'ಯ (1992) ಹಾಡುಗಳಲ್ಲಿ ಅವರ ಕೆಲಸ ಎಷ್ಟು ಹದ! ಆದರೂ ಹೇಳುತ್ತೇವೆ: ಅಷ್ಟು ಸಿಟ್ಟು ತುಂಬಿಕೊಳ್ಳಬಲ್ಲ ದನಿ ಬಹುಪಾಲು ಮಲ್ಲಿಗೆಯನ್ನೇ ಹೊತ್ತಿತು.

2005ರಲ್ಲಿ 'ಕನ್ನಡವೇ ಸತ್ಯ' ಅಂತ ಬೆಂಗಳೂರಿನ ಅರಮನೆ ಮೈದಾನ ತುಂಬಿಸಿದರು. ಕವಿತೆ ಕೇಳೋಕೆ ಅಷ್ಟು ಜನ ಬಂದದ್ದು ಸಣ್ಣ ಮಾತಲ್ಲ. ಆದರೆ ಯಾವ ಕನ್ನಡ ಸತ್ಯ? 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬೂಸಾ ಬಗ್ಗೆ ಬಾಯಿಬಿಟ್ಟು ಮಂತ್ರಿಗಿರಿ ಕಳಕೊಂಡ ನಾಡು ಇದು. ಆ ಪ್ರಶ್ನೆ ಆ ಮೈದಾನದಲ್ಲೂ ಬಾಕಿಯೇ ಇತ್ತು.

ತುರುವೇಕೆರೆ ಕಡೆ ಹಬ್ಬದ ಪೆಂಡಾಲುಗಳಲ್ಲಿ ಈಗಲೂ ಅಶ್ವಥ್ ಹಾಡು ಹಾಕ್ತಾರೆ. ಪೆಂಡಾಲಿನಾಚೆ ತಮಟೆಯವರು ಗರಿ ಹೊತ್ತಿಸಿಕೊಂಡು ಚರ್ಮ ಕಾಯಿಸ್ತಾ ನಿಂತಿರ್ತಾರೆ. ಕಾಲಲ್ಲಿ ತಾಳ ಹಾಕ್ತಿರ್ತಾರೆ. ಮೈಕು ನಿಂತ ಮೇಲೆ ಅವರ ಸರದಿ.